ಹಾಡುವವನ ಕಡತ

ಸಂಗೀತಗಾರನಿಗೂ ಗಡಿಯಾರಕ್ಕೂ ಅಷ್ಟಕ್ಕಷ್ಟೆ ಎಂಬ ಮಾತು ನಮ್ಮ ಜನರಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಕಛೇರಿ ಆರು ಗಂಟೆಗೆಂದು ಕರೆಯೋಲೆಯಲ್ಲಿ ಅಚ್ಚಾಗಿದ್ದರೆ, ಏಳಕ್ಕೆ ಹೋದವನಿಗೂ ತಂಬೂರಿಯ ಶ್ರುತಿ ಸೇರಿಸುವುದೇ ಕಾಣುತ್ತದೆ ಎಂದು ನಗೆಯಾಡುವವರಿದ್ದಾರೆ. ಕಲಾವಿದನೆಂದರೆ ಲಹರಿಯ ಮನುಷ್ಯ, ಅವನಿಗೆ ದಿನ ವಾರಗಳ ಪರಿವೆ ಇರಬಾರದು ಎಂದು ಮೆಚ್ಚಿಕೊಂಡೇ ಹೇಳುವವರೂ ಇದ್ದಾರೆ. ನನಗೆ ಈ ಎರಡು ಮಾತುಗಳೂ ಸರಿಯೆಂದು ತೋರುವುದಿಲ್ಲ. ಒಂದು ಆವರ್ತದಲ್ಲಿ ಅರ್ಧ ಅಕ್ಷರ ಜಾರಿದರೂ ಸಹಿಸದ ಮನುಷ್ಯ ಕಾಲದ ಪರಿವೆ ಇಲ್ಲದವನು ಹೇಗಾದಾನು? ಕಾಲವನ್ನು ಅವನಷ್ಟು ನುಣ್ಣಗೆ ಅಳೆದು ಬಾಳುವವರು ಲೋಕದಲ್ಲಿ ವಿರಳ.

ನಿಜಸಂಗತಿಯೆಂದರೆ ಸಂಗೀತಗಾರನಿಗೆ ಎರಡು ಕಾಲಗಳಿವೆ. ಒಂದು ತಾಳದ ಕಾಲ. ಅದು ಅವನ ಕೈಯಲ್ಲಿದೆ. ಇನ್ನೊಂದು ಬದುಕಿನ ಕಾಲ. ಎಂದು ಎಲ್ಲಿ ಹಾಡಬೇಕು, ಎಷ್ಟು ಹೊತ್ತು ಹಾಡಬೇಕು, ಅಲ್ಲಿಗೆ ಹೇಗೆ ತಲುಪಬೇಕು, ಸಾಧನೆ ಯಾವಾಗ, ನಿದ್ದೆ ಯಾವಾಗ, ಬಂದ ಸಂಭಾವನೆ ಎಷ್ಟು ತಿಂಗಳಿಗೆ ಸಾಕು, ಇವೆಲ್ಲ ಎರಡನೆಯ ಲೆಕ್ಕ. ಈ ಎರಡನೆಯ ಲೆಕ್ಕವನ್ನು ಯಾರು ಇಡುತ್ತಿದ್ದರು? ಅದು ಯಾರ ಕೈಯಿಂದ ಯಾರ ಕೈಗೆ ಬಂತು? ಹೀಗೆ ಕೈ ಬದಲಾದಾಗ ಕಲೆಗೆ ಆದ ಲಾಭವೇನು, ನಷ್ಟವೇನು? ಈ ಪ್ರಶ್ನೆಗಳನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮಲೆನಾಡಿನ ಮೂರು ತಾಲ್ಲೂಕುಗಳನ್ನು ಕಣ್ಣ ಮುಂದೆ ಇರಿಸಿಕೊಂಡು ವಿಚಾರಿಸಬೇಕೆಂದು ನನ್ನ ಅಪೇಕ್ಷೆ.

ಈ ಮೂರು ತಾಲ್ಲೂಕುಗಳನ್ನೇ ಆರಿಸಿಕೊಳ್ಳಲು ಕಾರಣವಿದೆ. ರಾಜಧಾನಿಯ ಸಂಗೀತದ ಚರಿತ್ರೆಯನ್ನು ಬರೆದವರು ಅನೇಕರು. ಆದರೆ ಕಲಾವಿದನ ದಿನಚರಿ ಹೇಗೆ ರೂಪುಗೊಂಡಿತೆಂಬುದನ್ನು ತಿಳಿಯಲು ಇಂಥ ಸಣ್ಣ ಪ್ರದೇಶವೇ ಅನುಕೂಲ. ತುಂಗೆಯ ದಡದಲ್ಲಿ ಶೃಂಗೇರಿ, ಹರಿಹರಪುರ. ಭದ್ರೆಯ ದಡದಲ್ಲಿ ರಂಭಾಪುರಿ ಪೀಠದ ಬಾಳೆಹೊನ್ನೂರು. ಹಿಂದೆ ಎಡೇಹಳ್ಳಿಯೆನಿಸಿದ್ದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಹೊತ್ತ ನರಸಿಂಹರಾಜಪುರ. ಅದರ ಮಗ್ಗುಲಲ್ಲಿ ಜ್ವಾಲಾಮಾಲಿನಿಯ ಸಿಂಹನಗದ್ದೆ ಬಸದಿ. ಮಠ, ಪೀಠ, ಬಸದಿ, ಅಡಕೆ ತೋಟ, ಕಾಫಿ ತೋಟ, ಆಗುಂಬೆಯ ಘಾಟಿ ಹತ್ತಿ ಬರುವ ಕರಾವಳಿಯ ಮೇಳಗಳು, ಎಲ್ಲವೂ ಇಲ್ಲಿ ಒಂದಕ್ಕೊಂದು ತಾಗಿಕೊಂಡಿವೆ. ಇವೆಲ್ಲದರ ಮೇಲೆ ಮಳೆ. ಕಿಗ್ಗದ ಋಷ್ಯಶೃಂಗನನ್ನು ಮಳೆಗಾಗಿ ಬೇಡಿಕೊಳ್ಳುವ ಈ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಯಲಿನಲ್ಲಿ ಹಾಡುವುದು, ಕುಣಿಯುವುದು ಆಗದ ಮಾತು. ಇಲ್ಲಿನ ಕಲಾವಿದನ ವರ್ಷವನ್ನು ಮೊದಲು ಎರಡು ಪಾಲು ಮಾಡಿದ್ದೇ ಮಳೆ.

ಶೃಂಗೇರಿಯ ವಿದ್ಯಾಶಂಕರ ದೇವಾಲಯವನ್ನು ನೋಡಿದವರಿಗೆ ಅಲ್ಲಿನ ಹನ್ನೆರಡು ರಾಶಿಗಳ ಕಂಬಗಳು ನೆನಪಿರುತ್ತವೆ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಎಳೆಬಿಸಿಲು ಬೀಳುವಂತೆ ಕಟ್ಟಿದ್ದಾರೆಂದು ಹೇಳುತ್ತಾರೆ. ಕಲ್ಲಿನಲ್ಲೇ ಪಂಚಾಂಗ ಬರೆದಿಟ್ಟಂತೆ. ಅಲ್ಲಿನ ಮಠದ ಲೆಕ್ಕಪತ್ರಗಳಿಗೆ ಕಡತಗಳೆಂದು ಹೆಸರು. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಕಡತವೆನ್ನುತ್ತೇವಷ್ಟೆ. ಹಿಂದೆ ಕಡತವೆಂದರೆ ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಕರಿಯ ಪುಸ್ತಕ. ವಿಜಯನಗರದ ಹರಿಹರ ಮತ್ತವನ ಸೋದರರು 1346ರಲ್ಲಿ ಶೃಂಗೇರಿಗೆ ದತ್ತಿ ಬಿಟ್ಟ ಮೇಲೆ ಅರಸರಿಂದ ಅರಸರಿಗೆ ಆ ಉಪಕ್ರಮ ಮುಂದುವರಿದು, ಮಠಕ್ಕೆ ಭೂಮಿ ಸೇರಿತು. ಭೂಮಿ ಬಂದಲ್ಲಿ ಲೆಕ್ಕ ಬರುತ್ತದೆ. ಲೆಕ್ಕ ಬಂದಲ್ಲಿ ಇಂಥ ಹೊತ್ತಿಗೆ ಇಂಥ ಸೇವೆ, ಅದಕ್ಕೆ ಇಂಥ ಪಡಿ ಎಂಬ ವಿಧಿ ಬರುತ್ತದೆ.

ದೇವಸ್ಥಾನದ ಓಲಗದವನನ್ನು ಈ ದೃಷ್ಟಿಯಿಂದ ನೋಡಬೇಕು. ಸುಪ್ರಭಾತಕ್ಕೆ ಒಂದು ಸಲ, ಮಧ್ಯಾಹ್ನದ ಮಹಾಮಂಗಳಾರತಿಗೆ ಒಂದು ಸಲ, ಸಂಜೆಯ ದೀಪಕ್ಕೆ ಒಂದು ಸಲ, ಉತ್ಸವದ ದಿನ ಬೀದಿಯುದ್ದಕ್ಕೂ ನಾಗಸ್ವರ, ಡೋಲು. ಅವನು ದಿನದ ಹೊತ್ತನ್ನು ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ. ದೇವರ ಹೊತ್ತೇ ಅವನ ಹೊತ್ತಾಗಿತ್ತು. ಗಡಿಯಾರವಿಲ್ಲದ ಊರಿಗೆ ಅವನ ಓಲಗವೇ ಗಡಿಯಾರ. ಗದ್ದೆಯಲ್ಲಿದ್ದ ಹೆಂಗಸರು ನಡುಹಗಲಿನ ವಾದ್ಯ ಕೇಳಿ ಮನೆಯ ಕಡೆ ತಿರುಗುತ್ತಿದ್ದರು. ನವರಾತ್ರಿ ಬಂದರೆ ವಿಶೇಷ, ರಥೋತ್ಸವ ಬಂದರೆ ವಿಶೇಷ. ಅವನ ವರ್ಷದ ಲೆಕ್ಕ ಪೂರ್ತಿಯಾಗಿ ದೇವಾಲಯದ ಕಡತದಲ್ಲಿತ್ತು. ಅವನಿಗೆ ಉಳಿದದ್ದು ನುಡಿಸುವುದು, ಮಗನಿಗೆ ಕಲಿಸುವುದು.

ಇದನ್ನು ಸುವರ್ಣಯುಗವೆಂದು ನಾನು ಹೇಳಲಾರೆ. ಸೇವೆಗೆ ಬಿಟ್ಟ ಉಂಬಳಿ ಗದ್ದೆ ಅನ್ನವನ್ನೂ ಕೊಟ್ಟಿತು, ಕಾಲಿಗೆ ಹಗ್ಗವನ್ನೂ ಕಟ್ಟಿತು. ತಂದೆಯ ವಾದ್ಯ ಮಗನಿಗೆ ಬೇಡವೆನ್ನುವ ಸ್ವಾತಂತ್ರ್ಯವಿರಲಿಲ್ಲ. ಬೇರೆ ಊರಿನಲ್ಲಿ ಹೆಚ್ಚಿನ ಮನ್ನಣೆ ಕಾದಿದ್ದರೂ ಸಂಜೆಯ ದೀಪದ ಹೊತ್ತಿಗೆ ಇಲ್ಲಿಯೇ ಇರಬೇಕು. ಹೊತ್ತಿಗೆ ಸರಿಯಾಗಿ ನುಡಿಸಿಯೂ ಆತ ನಿಂತದ್ದು ಹೊರಗಿನ ಜಗಲಿಯಲ್ಲಿ. ತನ್ನ ಕಾಲಕ್ಕೆ ತಾನು ಒಡೆಯನಾಗಿರಲಿಲ್ಲ ಎಂಬುದೇ ಇದರ ಸಾರ.

ಆಮೇಲೆ ಕಾನೂನು ಬಂತು. ನಮ್ಮ ರಾಜ್ಯದಲ್ಲಿ 1954ರಲ್ಲಿ ವೈಯಕ್ತಿಕ ಹಾಗೂ ಸಂಕೀರ್ಣ ಇನಾಮುಗಳ ರದ್ದತಿ, 1955ರಲ್ಲಿ ಧಾರ್ಮಿಕ ಹಾಗೂ ಧರ್ಮಾದಾಯ ಇನಾಮುಗಳ ರದ್ದತಿ, 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ. ಉಳುವವನಿಗೆ ನ್ಯಾಯ ದೊರಕಿದ ಈ ಕಾಯಿದೆಗಳನ್ನು ನಮ್ಮ ಚರಿತ್ರೆಕಾರರು ಗೇಣಿಯ ದೃಷ್ಟಿಯಿಂದ ವಿವರಿಸಿದ್ದಾರೆ. ಓಲಗದವನ ದೃಷ್ಟಿಯಿಂದ ನೋಡಿದರೆ, ಶತಮಾನಗಳಿಂದ ಯಾರೋ ಇಡುತ್ತಿದ್ದ ಕಡತ ಅಂದು ಅವನ ಕೈಗೆ ಬಂತು. ಅವನ ಜೀವನ ಮದುವೆ ಮುಹೂರ್ತಗಳ ಮೇಲೆ ನಿಂತಿತು. ಮುಹೂರ್ತಗಳೋ, ಪಂಚಾಂಗದಲ್ಲಿ ಗೊಂಚಲು ಗೊಂಚಲಾಗಿ ಬರುತ್ತವೆ. ಒಂದೇ ದಿನ ಕೊಪ್ಪದಲ್ಲೊಂದು, ಬಾಳೆಹೊನ್ನೂರಿನಲ್ಲೊಂದು, ಶೃಂಗೇರಿಯಲ್ಲೊಂದು. ಆಮೇಲೆ ಆಷಾಢದಲ್ಲಿ ಒಂದೂ ಇಲ್ಲ. ಯಾರಿಗೆ ಒಪ್ಪುವುದು, ಯಾರಿಗೆ ಇಲ್ಲವೆನ್ನುವುದು, ವೀಳ್ಯ ಹಿಡಿದ ಮೇಲೆ ದೊಡ್ಡ ಮನೆಯವರು ಬಂದು ಕರೆದರೆ ಏನು ಮಾಡುವುದು? ಇಂಥ ಪ್ರಶ್ನೆಗಳು ಅವನ ಅಜ್ಜನಿಗೆ ಬಂದಿರಲಿಲ್ಲ. ವೃತ್ತಿಪರತೆ ಎಂದು ನಾವು ಇಂದು ಕರೆಯುವ ಗುಣ ಮಲೆನಾಡಿನ ವಾದ್ಯಗಾರನಲ್ಲಿ ಹುಟ್ಟಿದ್ದು ಸಂಗೀತಶಾಲೆಯಲ್ಲಲ್ಲ, ಎರಡು ಮದುವೆಗಳು ಒಂದೇ ಮುಹೂರ್ತಕ್ಕೆ ಬಿದ್ದ ದಿನದಲ್ಲಿ.

ದೇವಾಲಯದ ಕಾಲವನ್ನು ಬಿಟ್ಟು ಮೇಳದ ಕಾಲಕ್ಕೆ ಬರೋಣ. ಮಲೆನಾಡಿನವರಿಗೆ ಸಂಗೀತವೆಂದರೆ ಮುಖ್ಯವಾಗಿ ಭಾಗವತರ ಹಾಡು, ಮದ್ದಳೆ, ಚೆಂಡೆ. ಕರಾವಳಿಯ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಟರೆ ಮೇ ತಿಂಗಳ ಕೊನೆಯ ಹತ್ತನಾವಧಿಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ತುಳುವರು ಪತ್ತನಾಜೆ ಎನ್ನುವುದು ಇದನ್ನೇ. ಸುಮಾರು ಆರು ತಿಂಗಳ ಕಾಲ ಹೆಚ್ಚುಕಡಿಮೆ ಪ್ರತಿರಾತ್ರಿ ಒಂದು ಊರು, ಒಂದು ಆಟ. ಮಂದಾರ್ತಿಯಂಥ ದೇವಸ್ಥಾನದ ಮೇಳಗಳಿಗೆ ಘಟ್ಟದ ಮೇಲಿನ ಭಕ್ತರೂ ಹರಕೆ ಹೇಳಿಕೊಳ್ಳುತ್ತಾರೆ. ಸರದಿ ಬರಲು ವರ್ಷಗಟ್ಟಲೆ ಕಾಯುವುದೂ ಉಂಟು. ಯಾವ ತಾರೀಖಿಗೆ ಯಾರ ಮನೆಯಂಗಳ ಎಂಬುದು ಮೇಳದ ಯಜಮಾನರ ಪುಸ್ತಕದಲ್ಲಿ ಬರೆದಿರುತ್ತದೆ. ಅದು ಎರಡನೆಯ ಕಡತ.

ಯಜಮಾನರು ವರ್ಷದ ಲೆಕ್ಕ ಇಟ್ಟರೆ ರಾತ್ರಿಯ ಲೆಕ್ಕ ಇಡುವವರು ಭಾಗವತರು. ಭಾಗವತರನ್ನು ಮೊದಲನೆಯ ವೇಷವೆಂದು ಕರೆಯುವುದು ಸುಮ್ಮನಲ್ಲ. ಸಂಜೆ ಕೇಳಿ ಬಡಿದು ಆಟವಿದೆಯೆಂದು ಸಾರುವುದರಿಂದ ಹಿಡಿದು ಬೆಳಗಿನ ಮಂಗಳದವರೆಗೆ ರಾತ್ರಿ ಅವರ ಜಾಗಟೆಯ ಅಳತೆಯಲ್ಲಿ ನಡೆಯುತ್ತದೆ. ಚೌಕಿಯಲ್ಲಿ ದೊಡ್ಡ ಬಣ್ಣದ ವೇಷಕ್ಕೆ ಇನ್ನೂ ಒಂದು ಗಳಿಗೆ ಬೇಕೆಂದು ಸುದ್ದಿ ಬಂದರೆ ಇತ್ತ ಪದ್ಯ ಹಿಗ್ಗಬೇಕು. ಮೂಡಣ ಬೆಳ್ಳಗಾಗುತ್ತ ಬಂದರೆ ಅತ್ತ ಯುದ್ಧ ಕುಗ್ಗಬೇಕು. ಇಷ್ಟೂ ಆಗುವುದು ನೋಡುವವನಿಗೆ ತಿಳಿಯದಂತೆ. ಕಾಲನಿರ್ವಹಣೆ ಎಂಬ ಹೊಸ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಆ ರಾತ್ರಿಯ ಒಳಗೇ ಒಂದು ಪಾಠಶಾಲೆಯಿತ್ತೆಂಬುದನ್ನು ಮುಖ್ಯವಾಗಿ ಗಮನಕ್ಕೆ ತರಬಯಸುತ್ತೇನೆ. ಆಟದ ಮೊದಲ ಭಾಗವಾದ ಪೂರ್ವರಂಗಕ್ಕೆ, ಎಂದರೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳಿಗೆ, ಹಾಡುವವನು ಕಲಿಯುತ್ತಿರುವ ಎಳೆಯ. ಅವನಿಗೆ ಸಂಗೀತಗಾರನೆಂದೇ ಹೆಸರು. ಆಮೇಲೆ ಎರಡನೆಯ ಭಾಗವತರು; ನಡುರಾತ್ರಿ ಕಳೆದ ಮೇಲೆ ಮುಖ್ಯ ಭಾಗವತರು. ಎಳೆಯ ಭಾಗವತ ತಪ್ಪು ಮಾಡಿದರೂ ಆಗ ಸಭೆ ಇನ್ನೂ ಕೂಡುತ್ತಿರುತ್ತದೆ, ಯಾರೂ ಬೈಯುವುದಿಲ್ಲ. ತನ್ನ ಸರದಿ ಮುಗಿದ ಮೇಲೆ ಬದಿಯಲ್ಲಿ ಕುಳಿತು ಹಿರಿಯರನ್ನು ಕೇಳುತ್ತ ಬೆಳಗು ಮಾಡಬೇಕು. ಆರು ತಿಂಗಳು, ಪ್ರತಿರಾತ್ರಿ. ನಾರ್ಣಪ್ಪ ಉಪ್ಪೂರರಂಥ (1918-1984) ಭಾಗವತರೂ, ಪೆರ್ಡೂರು, ಮಂದಾರ್ತಿ ಮೇಳಗಳಲ್ಲಿ ಮದ್ದಳೆ ನುಡಿಸಿ ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡ ಹಿರಿಯಡಕ ಗೋಪಾಲರಾಯರೂ ಇಂಥ ರಾತ್ರಿಗಳಲ್ಲಿ ನುರಿತವರು. ಮೇಳದ ಕಾಲದಲ್ಲಿ ದುಡಿಯುವ ಹೊತ್ತು, ಕಲಿಯುವ ಹೊತ್ತು ಎಂಬ ಗೋಡೆ ಇರಲಿಲ್ಲ. ಕಲಿಕೆಗೆ ರಾತ್ರಿಯಲ್ಲೇ ಒಂದು ಪಾಲು ತೆಗೆದಿರಿಸಿದ್ದರು.

ಇನ್ನು ಮಳೆಗಾಲ. ಹತ್ತನಾವಧಿಯ ಮರುದಿನದಿಂದ ಕಲಾವಿದನಿಗೆ ರಾತ್ರಿ ನಿದ್ದೆ, ಹಗಲು ಬರಿಗೈ. ಗದ್ದೆಯಿದ್ದವನು ನೇಗಿಲು ಹಿಡಿದ. ಇಲ್ಲದವನು ಮುಂದಿನ ವರ್ಷದ ತಿರುಗಾಟದ ಲೆಕ್ಕದಲ್ಲಿ ಮುಂಗಡ ತೆಗೆದುಕೊಂಡ. ಮುಂಗಡ ತೀರುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂತು. ಕಳೆದ ವರ್ಷದ ಅಕ್ಕಿಗೆ ಈ ವರ್ಷದ ಗಂಟಲನ್ನು ಒತ್ತೆಯಿಟ್ಟು ಬಾಳಿದ ಕಲಾವಿದರು ಎಷ್ಟೋ ಮಂದಿ. ಆದರೆ ಇದೇ ಮಳೆಗಾಲವನ್ನು ಬೇರೆ ರೀತಿಯಲ್ಲಿ ಬಳಸಿಕೊಂಡವರೂ ಇದ್ದರು. ಮನೆಯ ಜಗಲಿಯಲ್ಲಿ ತಾಳಮದ್ದಳೆ, ಶಿಷ್ಯರಿಗೆ ಪಾಠ, ಹಳೆಯ ಪ್ರಸಂಗಗಳನ್ನು ಪ್ರತಿಮಾಡುವ ಕೆಲಸ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾಗಿ ಉಪ್ಪೂರರು ಅಲ್ಲಿ ಗುರುಗಳಾದರು. ಗುಂಡ್ಮಿ ಕಾಳಿಂಗ ನಾವಡರು ಅವರ ಶಿಷ್ಯರು. ಬಲಿಪ ನಾರಾಯಣ ಭಾಗವತರು (1938-2023) ಕಟೀಲು ಮೇಳದಲ್ಲಿ ಹಾಡುತ್ತಲೇ ಸ್ವತಃ ಅನೇಕ ಪ್ರಸಂಗಗಳನ್ನು ರಚಿಸಿದರು. ಐದು ರಾತ್ರಿಗಳ ಕಾಲ ಆಡಬಹುದಾದ ದೇವೀಮಹಾತ್ಮ್ಯೆ ಅವರದು. ವರ್ಷದ ಅರ್ಧ ರಾತ್ರಿಗಳನ್ನು ಹಾಡಿ ಕಳೆಯುವ ಮನುಷ್ಯ ಇಷ್ಟನ್ನು ಬರೆಯಬೇಕಾದರೆ ಉಳಿದ ಅರ್ಧವನ್ನು ಎಷ್ಟು ಜೋಪಾನವಾಗಿ ಬಳಸಿರಬೇಕು!

ರಾಜಾಶ್ರಯದ ಮಾತನ್ನೂ ಇಲ್ಲಿ ಒಂದಿಷ್ಟು ಎತ್ತಬೇಕು; ಮೈಸೂರಿನ ಹೋಲಿಕೆಯಿಂದ ಮಲೆನಾಡಿನ ಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. ಮೈಸೂರು ವಾಸುದೇವಾಚಾರ್ಯರನ್ನು (1865-1961) ಎಳವೆಯಲ್ಲಿ ತಿರುವಯ್ಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ ಬಳಿ ಕಲಿಯಲು ಕಳಿಸಿದವರು ಚಾಮರಾಜ ಒಡೆಯರು. ಇದರ ಅರ್ಥವೇನು? ಒಬ್ಬ ತರುಣನ ಕೆಲವು ವರ್ಷಗಳನ್ನು ಅರಮನೆ ಕೊಂಡುಕೊಂಡು, ಕಲಿ ಎಂದು ಅವನಿಗೇ ಮರಳಿ ಕೊಟ್ಟಿತು. ಅರಸೊತ್ತಿಗೆ ಮುಗಿದ ಮೇಲೆ ಅದೇ ಆಚಾರ್ಯರು ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ಪಾಠ ಹೇಳಿದರು. ಉತ್ತರದಲ್ಲಿ ಗಂಗೂಬಾಯಿ ಹಾನಗಲ್ಲರಿಗೆ (1913-2009) ಅರಮನೆಯೂ ಇರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳದ ಸವಾಯಿ ಗಂಧರ್ವರ ಮನೆಗೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಅವರ ಗುರುಕುಲದ ವೇಳಾಪಟ್ಟಿಯನ್ನು ಬರೆದದ್ದು ರೈಲ್ವೆ ಇಲಾಖೆ. ತೆಂಕುತಿಟ್ಟಿನ ಲೀಲಾವತಿ ಬೈಪಡಿತ್ತಾಯರು ಯಕ್ಷಗಾನದ ಮೊದಲ ವೃತ್ತಿಪರ ಭಾಗವತೆಯೆನಿಸಿ, ಹಿಮ್ಮೇಳದ ಕಲಾವಿದರಾದ ಪತಿಯೊಡನೆ ಮೇಳದ ತಿರುಗಾಟ ಮಾಡಿದವರು, 2024ರಲ್ಲಿ ಕಾಲವಾದರು. ಹೆಂಗಸಾದ ಕಲಾವಿದೆಯ ಕಡತದಲ್ಲಿ ಮನೆ, ಮಕ್ಕಳು, ಒಲೆ ಎಂಬ ಇನ್ನೊಂದು ಅಂಕಣವಿರುತ್ತದೆ. ಆ ಅಂಕಣವನ್ನು ಲೆಕ್ಕಕ್ಕೆ ಹಿಡಿಯದೆ ಕಲಾವಿದರ ಕಾಲದ ಬಗೆಗೆ ಮಾತನಾಡುವುದು ಅರ್ಧ ಸತ್ಯ.

ಮೂರನೆಯ ಕಡತ ಆಕಾಶವಾಣಿಯದು. ಅದಕ್ಕೆ ಮುಂಚೆಯೇ ಗ್ರಾಮಫೋನ್ ತಟ್ಟೆ ಸಂಗೀತಕ್ಕೆ ಮೂರು ಚಿಲ್ಲರೆ ನಿಮಿಷದ ಚೌಕಟ್ಟು ಹಾಕಿತ್ತು. ಆದರೆ ತಟ್ಟೆಗೆ ಹಾಡುವ ಭಾಗ್ಯ ಕೆಲವರಿಗೆ ಮಾತ್ರ. ರೇಡಿಯೋ ಹಾಗಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಬೆಳೆದು, 1950ರಲ್ಲಿ ಧಾರವಾಡ, 1965ರಲ್ಲಿ ಭದ್ರಾವತಿ, 1976ರಲ್ಲಿ ಮಂಗಳೂರು ಎಂದು ಕೇಂದ್ರಗಳಾದವು. ಭದ್ರಾವತಿಯ ಅಲೆಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೆ ಸಲೀಸಾಗಿ ಮುಟ್ಟಿದವು. ಮಲೆನಾಡಿನ ಕಲಾವಿದನಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಅಂಚೆಯಲ್ಲಿ ಒಂದು ಕರಾರುಪತ್ರ ಬಂತು. ಇಂಥ ತಾರೀಖು, ಇಷ್ಟು ಗಂಟೆ, ಇಷ್ಟು ನಿಮಿಷ, ಇಷ್ಟು ಸಂಭಾವನೆ. ಅದಕ್ಕೂ ಮೊದಲು ಧ್ವನಿಪರೀಕ್ಷೆ, ಶ್ರೇಣಿ.

ಗಮಕಿಗೆ ಅರ್ಧ ಗಂಟೆಯಲ್ಲಿ ಒಂದು ಸಂಧಿಯ ಸಾರವನ್ನು ಹೇಳಿ ಮುಗಿಸಬೇಕಾಯಿತು. ರಾತ್ರಿಯಿಡೀ ಹಾಡುತ್ತಿದ್ದ ಭಾಗವತರು ಒಂದು ಗಂಟೆಗೆ ಪ್ರಸಂಗವನ್ನು ಅಣಿಗೊಳಿಸಬೇಕಾಯಿತು. ಕೆಂಪು ದೀಪ ಹೊತ್ತಿದ ಮೇಲೆ ಕೆಮ್ಮುವಂತಿಲ್ಲ. ಮುಗಿಯಲು ಒಂದು ನಿಮಿಷವಿದೆಯೆಂದು ಗಾಜಿನಾಚೆಯಿಂದ ಬೆರಳೆತ್ತಿ ತೋರುತ್ತಾರೆ. ಇದರಿಂದ ಕಲೆ ಕೆಟ್ಟಿತೆಂದು ಆಗ ಗೊಣಗಿದವರುಂಟು. ನನಗನ್ನಿಸುವುದು ಬೇರೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ವಿವೇಕವನ್ನು ರೇಡಿಯೋ ಕಲಿಸಿತು. ಅರ್ಧ ಗಂಟೆಯಲ್ಲಿ ಒಂದು ರಾಗದ ಮುಖವನ್ನು ತೋರಲಾರದವನು ಎರಡು ಗಂಟೆಯಲ್ಲಿ ತೋರಿಯಾನೆಂಬ ಭರವಸೆ ಏನು?

ನಾನು ಮಲೆನಾಡಿನಲ್ಲಿ ಅಧ್ಯಾಪಕನಾಗಿದ್ದಾಗ ಪರಿಚಯವಾದ ಒಬ್ಬ ಪಿಟೀಲು ಮೇಷ್ಟರ ಮಾತನ್ನು ಇಲ್ಲಿ ಹೇಳಬೇಕು. ಹೆಸರು ಹೇಳುವ ಅಗತ್ಯವಿಲ್ಲ. ಅಂಥವರು ಪ್ರತಿ ತಾಲ್ಲೂಕಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ವಾರದಲ್ಲಿ ಎರಡು ದಿನ ಕೊಪ್ಪದಲ್ಲಿ ಪಾಠ, ಎರಡು ದಿನ ಶೃಂಗೇರಿಯಲ್ಲಿ, ಒಂದು ದಿನ ನರಸಿಂಹರಾಜಪುರದಲ್ಲಿ. ನಡುವೆ ಮದುವೆ ಕಛೇರಿ, ಹರಿಕಥೆಗೆ ಪಕ್ಕವಾದ್ಯ, ಆಗೊಮ್ಮೆ ಈಗೊಮ್ಮೆ ಆಕಾಶವಾಣಿ. ಅವರ ಮನೆಯ ಗೋಡೆಯಲ್ಲಿ ದಿನಸಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಮುಹೂರ್ತಕ್ಕೆ ಕೆಂಪು ಗುರುತು, ಪಾಠಕ್ಕೆ ನೀಲಿ ಗುರುತು, ಹಣ ಬರಬೇಕಾದ ಕಡೆಗೆ ಒಂದು ಚುಕ್ಕೆ, ಬಂದ ಮೇಲೆ ಚುಕ್ಕೆಯ ಸುತ್ತ ವೃತ್ತ. ವಾರಕ್ಕೊಂದು ಮನೆಯಲ್ಲಿ ಮಾತ್ರ ಉದ್ದಕ್ಕೆ ಒಂದು ಗೆರೆ ಎಳೆದಿರುತ್ತಿದ್ದರು. ಆ ದಿನ ಯಾರಿಗೂ ಕೊಡುವುದಕ್ಕಿಲ್ಲ, ಅದು ಪಿಟೀಲಿನದು ಎಂದರು. ಯಾರಾದರೂ ಹೆಚ್ಚು ಹಣ ಕೊಡುತ್ತೇನೆಂದು ಬಂದರೆ? ಎಂದು ಕೇಳಿದೆ. ಆ ದಿನವನ್ನು ಮಾರಿಕೊಂಡರೆ ಉಳಿದ ಆರು ದಿನ ಮಾರುವುದಕ್ಕೆ ಏನಿರುತ್ತದೆ? ಎಂದು ಅವರೇ ನನ್ನನ್ನು ಕೇಳಿದರು.

ಅವರ ಕ್ಯಾಲೆಂಡರಿಗೆ ಅಂಟಿಕೊಂಡಂತೆ ಇನ್ನೊಂದು ಚೀಟಿಯಿತ್ತು, ಬಸ್ಸುಗಳ ವೇಳೆಯ ಚೀಟಿ. ರೈಲು ಕಾಣದ ಕೊಪ್ಪ ಶೃಂಗೇರಿಗಳಲ್ಲಿ ಕಲಾವಿದನ ದಿನವನ್ನು ಆಳಿದ್ದು ಬಸ್ಸು. ಕೊಪ್ಪದಲ್ಲಿ ಶಂಕರ್ ಕಂಪನಿಯ ಬಸ್ಸುಗಳು ನಿಂತ ಮೇಲೆ ಅದರ ಕಾರ್ಮಿಕರೇ ಕೂಡಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ದೇಶದಲ್ಲೇ ಅಪರೂಪದ ಪ್ರಯೋಗ. ಮೂರು ತಾಲ್ಲೂಕುಗಳ ಮೂಲೆ ಮೂಲೆಗೂ ಅದು ಹೋಗುತ್ತಿತ್ತು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದರ ಮೇಲೆ ಮಂಗಳ ಎಷ್ಟು ಹೊತ್ತಿಗೆ ಎಂಬುದು ನಿಂತಿತ್ತು. ನಷ್ಟದ ಹೊರೆ ತಾಳಲಾರದೆ 2020ರಲ್ಲಿ ಅದು ನಿಂತಾಗ, ಶಾಲೆಯ ಮಕ್ಕಳ ಕಷ್ಟದ ಬಗೆಗೆ ಪತ್ರಿಕೆಗಳು ಬರೆದವು. ಪಿಟೀಲು, ಮೃದಂಗ ಹೊತ್ತು ಊರೂರು ಸುತ್ತುವ ಮೇಷ್ಟರುಗಳ ವಾರವೂ ಅಂದು ಹರಿದುಹೋಯಿತೆಂಬುದನ್ನು ಯಾರೂ ಬರೆಯಲಿಲ್ಲ. ಕಲಾವಿದನ ಶಿಸ್ತು ಅವನೊಬ್ಬನ ಗುಣವಲ್ಲ. ಅದಕ್ಕೆ ರಸ್ತೆ ಬೇಕು, ಬಸ್ಸು ಬೇಕು, ಹೇಳಿದ ದಿನಕ್ಕೆ ಹಣ ಕೊಡುವ ಮನೆಯವರು ಬೇಕು.

ಈಗ ನಮ್ಮ ಕಾಲದ ಮಾತು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ ಶಬ್ದಮಾಲಿನ್ಯ ನಿಯಮ ಬಂದದ್ದು 2000ದಲ್ಲಿ. ಅದೊಂದೇ ಕಾರಣವಲ್ಲ, ಬೆಳಗ್ಗೆ ಕಚೇರಿಗೆ ಹೋಗಬೇಕಾದ ಪ್ರೇಕ್ಷಕನಿಗೆ ರಾತ್ರಿಯಿಡೀ ಕೂರಲು ಬಿಡುವಿಲ್ಲ. ಕೆರೆಮನೆ ಶಂಭು ಹೆಗಡೆಯವರಂಥವರು (1938-2009) ಬಹಳ ಮುಂಚೆಯೇ ಎರಡು ಮೂರು ಗಂಟೆಗಳ ಅಚ್ಚುಕಟ್ಟಾದ ಪ್ರಯೋಗಗಳನ್ನು ಮಾಡಿ ತೋರಿಸಿದ್ದರು. ಒಂದೊಂದೇ ಮೇಳ ಕಾಲಮಿತಿಗೆ ತಿರುಗಿತು. 2022ರ ತಿರುಗಾಟದಲ್ಲಿ ಕಟೀಲಿನ ಮೇಳಗಳಿಗೂ ಕಾಲಮಿತಿ ಬಂದಾಗ ಕರಾವಳಿಯಲ್ಲಿ ಪರವಿರೋಧದ ಚರ್ಚೆ ಜೋರಾಗಿ ನಡೆಯಿತು.

ಕಾಲಮಿತಿಯಿಂದ ಕಲಾವಿದನಿಗೆ ಆದ ಲಾಭವನ್ನು ಅಲ್ಲಗಳೆಯಲಾಗದು. ಆರು ತಿಂಗಳ ನಿದ್ದೆಗೇಡು ತಪ್ಪಿತು. ರಾತ್ರಿ ಮನೆ ಸೇರುವ ಭಾಗವತನ ಗ್ರಹಸ್ಥಿ ಬೇರೆಯಲ್ಲವೆ? ಹಗಲು ಇನ್ನೊಂದು ಉದ್ಯೋಗ ಮಾಡಲು ಸಾಧ್ಯವಾಯಿತು. ಮಳೆಗಾಲದಲ್ಲೂ ಚಿಕ್ಕಮೇಳಗಳು ಮನೆಮನೆಗೆ ಹೋಗಿ ಆಡುತ್ತಿವೆ. ಬೆಂಗಳೂರು, ಮುಂಬಯಿಗಳಲ್ಲಿ ಸಭಾಂಗಣದ ಆಟಗಳಾಗುತ್ತಿವೆ. ಹಳೆಯ ಮುಂಗಡದ ಸಾಲದ ಸರಪಳಿ ಎಷ್ಟೋ ಕಡೆ ಸಡಿಲವಾಯಿತು.

ಆದರೆ ರಾತ್ರಿ ಕುಗ್ಗಿದಾಗ ಮೊದಲು ಕತ್ತರಿ ಬಿದ್ದದ್ದು ಯಾವುದಕ್ಕೆ? ಪೂರ್ವರಂಗಕ್ಕೆ. ಎಂದರೆ ಎಳೆಯ ಸಂಗೀತಗಾರನ ಹೊತ್ತಿಗೆ. ನಾಲ್ಕು ಗಂಟೆಗಳ ಆಟದಲ್ಲಿ ತಪ್ಪು ಮಾಡುವವನಿಗೆ ಜಾಗವಿಲ್ಲ; ಸಿದ್ಧರಾದವರಿಗೆ ಮಾತ್ರ ಜಾಗ. ಅವನು ಸಿದ್ಧನಾಗುವುದು ಎಲ್ಲಿ? ಕೇಂದ್ರಗಳಲ್ಲಿ, ತರಗತಿಗಳಲ್ಲಿ ಎಂದು ಉತ್ತರಿಸಬಹುದು; ಒಳ್ಳೆಯ ಕೇಂದ್ರಗಳೂ ಇವೆ. ಆದರೂ ಸಭೆಯ ಎದುರು, ಹಿರಿಯರ ಮಗ್ಗುಲಲ್ಲಿ, ಹಸಿವು ತೂಕಡಿಕೆಗಳ ನಡುವೆ ಆರು ತಿಂಗಳು ಕಲಿತ ಕಲಿಕೆಗೆ ಅವು ಸಾಟಿಯೆಂದು ಹೇಳಲು ನನಗೆ ಧೈರ್ಯವಿಲ್ಲ. ಸಮಯ ಉಳಿಯಿತೆಂದು ನಾವು ಸಂತೋಷಪಡುವಾಗ ಯಾರ ಸಮಯ ಉಳಿಯಿತು, ಯಾರ ಸಮಯ ಹೋಯಿತು ಎಂದು ಕೇಳಿಕೊಳ್ಳಬೇಕು. ನೋಡುವವನದು ಉಳಿಯಿತು, ಹಾಡುವ ಹಿರಿಯನದೂ ಉಳಿಯಿತು, ಹೋದದ್ದು ಇನ್ನೂ ಹೆಸರಿಲ್ಲದ ಹುಡುಗನದು. ಅವನ ಪರವಾಗಿ ವಾದಿಸುವವರು ಯಾವ ಸಭೆಯಲ್ಲೂ ಇರುವುದಿಲ್ಲ.

ಹೀಗೆ ದೇವಾಲಯ, ಮೇಳ, ಆಕಾಶವಾಣಿ ಎಂಬ ಮೂರು ಕೈಗಳನ್ನು ದಾಟಿ ಕಡತ ಈಗ ಪೂರ್ತಿಯಾಗಿ ಕಲಾವಿದನ ಜೇಬಿನಲ್ಲಿದೆ. ಇಂದು ಕೊಪ್ಪದಲ್ಲೋ ಬಾಳೆಹೊನ್ನೂರಿನಲ್ಲೋ ಸಂಗೀತವನ್ನೇ ನಂಬಿ ಬಾಳುವ ತರುಣನೊಬ್ಬ ತನಗೆ ತಾನೇ ಯಜಮಾನ, ತಾನೇ ಗುಮಾಸ್ತ, ತಾನೇ ಚಾಲಕ. ಮೊಬೈಲಿನಲ್ಲಿ ಕರೆ ಬರುತ್ತದೆ, ಅಲ್ಲೇ ಒಪ್ಪಿಗೆ, ಅಲ್ಲೇ ಹಣ. ಹಗಲು ಶಾಲೆಯಲ್ಲಿ ಪಾಠ, ಸಂಜೆ ದೂರದೇಶದ ಮಕ್ಕಳಿಗೆ ಪರದೆಯ ಮೂಲಕ ಪಾಠ, ರಾತ್ರಿ ಕಾರ್ಯಕ್ರಮ. ಅವನು ತನ್ನ ಕಾಲಕ್ಕೆ ತಾನು ಒಡೆಯನಾಗಿದ್ದಾನೆ. ಓಲಗದ ಅಜ್ಜನಿಗೆ ಇಲ್ಲದ ಸ್ವಾತಂತ್ರ್ಯ ಇದು. ನಾವು ಇದನ್ನು ಸಣ್ಣದೆಂದು ತಿಳಿಯಬಾರದು. ಆದರೆ ಹಳೆಯ ಕಡತಗಳಲ್ಲಿ ಯಾರೋ ಅವನಿಗಾಗಿ ಬರೆದಿಟ್ಟಿದ್ದ ಮೂರು ಸಾಲುಗಳು ಹೊಸ ಕಡತದಲ್ಲಿ ತಾವಾಗಿ ಮೂಡುವುದಿಲ್ಲ. ಮಳೆಗಾಲದ ಬಿಡುವು, ಕಲಿಯುವವನ ಪಾಲು, ಯಾರಿಗೂ ಮಾರದ ಒಂದು ದಿನ. ಇವನ್ನು ಅವನೇ ಬರೆದುಕೊಳ್ಳಬೇಕು. ಕೆಲಸ ಕೊಡುವವರು ಯಾರೂ ಬರೆದುಕೊಡುವುದಿಲ್ಲ.

ಕೇಳುವ ನಮಗೂ ಇದರಲ್ಲಿ ಒಂದು ಪಾಲಿದೆ. ಮದುವೆಗೆ ಕರೆದವರು ಹೇಳಿದ ಹೊತ್ತಿಗೆ ಮಂಟಪ ಸಜ್ಜುಗೊಳಿಸಿದರೆ ಅವನಿಗೆ ಒಂದು ಗಂಟೆ ಉಳಿಯುತ್ತದೆ. ಸಂಭಾವನೆಯನ್ನು ಅಂದೇ ಕೊಟ್ಟರೆ ಮೂರು ದಿನದ ಅಲೆದಾಟ ಉಳಿಯುತ್ತದೆ. ಕಾಲಮಿತಿಯ ಆಟವನ್ನೇ ಆಡಿಸಲಿ, ತಿಂಗಳಿಗೊಂದು ಆಟಕ್ಕಾದರೂ ಒಂದು ಗಂಟೆ ಮುಂಚಿತವಾಗಿ ಹೋಗಿ ಕುಳಿತು, ಪೂರ್ವರಂಗವಾಗಲಿ, ಎಳೆಯ ಭಾಗವತ ಹಾಡಲಿ ಎಂದು ಕೇಳಿದರೆ ಹರಕೆ ಸಲ್ಲಿಸುವವರಿಗೆ ಅದೇನೂ ಭಾರವಲ್ಲ. ಮುಂದೆ ಹತ್ತು ವರ್ಷಕ್ಕೆ ನಮ್ಮ ಅಂಗಳದಲ್ಲಿ ಹಾಡಬೇಕಾದವನು ಅವನೇ.

ನನಗೆ ಕೊಟ್ಟ ನಿಮಿಷಗಳು ಮುಗಿಯುತ್ತ ಬಂದಿವೆ. ತುಂಗೆಯ ದಡದ ರಾಶಿಕಂಬಗಳನ್ನು ನೋಡಲು ಹೋದವರು ಸ್ವಲ್ಪ ಹೊತ್ತು ಶಾರದಾಂಬೆಯ ಗುಡಿಯ ಕಡೆಗೂ ಕಿವಿಗೊಡಿ. ದೀಪದ ಹೊತ್ತಿಗೆ ನುಡಿಯುವ ವಾದ್ಯದ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಈ ದಿನ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಬಂದು ನಿಲ್ಲಲು ಅವನು ಬೇರೆ ಯಾವುದೋ ಒಂದು ಕರೆಗೆ ಆಗುವುದಿಲ್ಲವೆಂದು ಹೇಳಿ ಬಂದಿರಬಹುದು.

(ಬಾನುಲಿ ಭಾಷಣದ ಬರಹರೂಪ)